ಚಿಮಣಿಲಿ ಹೊಗೆ ಕಾಣ್ಲಿಲ್ಲ ಅಂತ ಬಂದು ಕೇಳುವ ನೆರೆಯವರು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಬೋಟಲ್ಲಿ ವಾಸ ಮಾಡುವುದರ ಬಗ್ಗೆಯೇ ಉಂಟು. ನಾನು ಹಡಗಿನ ಇಂಜಿನ್ ರೂಮಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವ, ಆಮೇಲೆ ಇಂಗ್ಲೆಂಡಲ್ಲಿ ದಡದ ಕೆಲಸ ಸಿಕ್ಕಿದಾಗ ಎರಡು ಚಳಿಗಾಲ ಬೋಟನ್ನೇ ಮನೆ ಮಾಡ್ಕೊಂಡಿದ್ದವ, ಹಾಗಾಗಿ ಸಂಪಾದಕರು ಇದನ್ನೆಲ್ಲ ನನಗೇ ಕೊಟ್ರು.

ಪ್ರಶ್ನೆ: ನಮ್ಮದು ಮಲ್ಪೆ ಹತ್ರ. ಅಪ್ಪ, ಅಣ್ಣಂದಿರು ಎಲ್ಲ ಕಡಲಿಗೆ ಹೋದವರೇ. ಮಗನಿಗೆ ಆ ಕಷ್ಟ ಬೇಡ ಅಂತ ಹಠ ಮಾಡಿ ಇಂಜಿನಿಯರಿಂಗ್ ಓದಿಸಿದ್ದು. ಈಗ ಅವನು ಇಂಗ್ಲೆಂಡಲ್ಲಿ ಬಾಡಿಗೆ ಕಟ್ಟಿ ಸಾಕಾಯ್ತು ಅಂತ ಒಂದು ಹಳೇ ಬೋಟ್, ರೈಲಿನ ಡಬ್ಬಿ ಹಾಗೆ ಉದ್ದದ್ದು, ಒಳಗೆ ಕೈ ಚಾಚಿದ್ರೆ ಎರಡೂ ಗೋಡೆ ಸಿಗುವಂಥದ್ದು, ತಗೊಂಡು ಯಾವುದೋ ಮರೀನಾದಲ್ಲಿ ಕಟ್ಟಿ ಅದ್ರಲ್ಲೇ ಒಬ್ಬನೇ ಇದ್ದಾನೆ. ನೆಂಟರು 'ಅವನಿಗೆ ಮನೆಯೇ ಇಲ್ವಂತೆ' ಅಂತ ಮಾತಾಡ್ತಾರೆ. 2018ರ ಡಿಸೆಂಬರಲ್ಲಿ ಸುವರ್ಣ ತ್ರಿಭುಜ ಬೋಟು 7 ಜನರ ಜೊತೆ ಕಾಣೆಯಾದಾಗ ನಮ್ಮ ಊರು ಹೇಗಿತ್ತು ಅಂತ ನಾನು ನೋಡಿದವಳು, ಬೋಟು ಅಂದ್ರೆ ಈಗ್ಲೂ ರಾತ್ರಿ ನಿದ್ದೆ ಬರುವುದಿಲ್ಲ. ಹುಷಾರಿಲ್ದೇ ಆದ್ರೆ ಅವನನ್ನ ನೋಡುವವರು ಯಾರು? ಮುಂದಿನ ವರ್ಷ ನಾನು ಹೋದ್ರೆ ಅಲ್ಲಿ ಇರ್ಲಿಕ್ಕೆ ಆಗ್ತದಾ?
— ಒಬ್ಬ ತಾಯಿ, ಉಡುಪಿ ಜಿಲ್ಲೆ

ಉತ್ತರ: ಅಕ್ಕ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಭಯ ಕಡಲಿನ ಭಯ, ಅದು ಸುಳ್ಳಲ್ಲ. ಆದ್ರೆ ಮಗ ಇರೋ ನೀರು ಆ ನೀರಲ್ಲ. ನೀವು ಬರೆದಿರೋದು ನೋಡಿದ್ರೆ, ಉದ್ದಕ್ಕೆ ರೈಲಿನ ಡಬ್ಬಿ ಹಾಗೆ, ಒಳಗೆ ಕೈ ಚಾಚಿದ್ರೆ ಎರಡೂ ಗೋಡೆ ಸಿಗ್ತದೆ ಅಂತ, ಅದು ನ್ಯಾರೋಬೋಟ್, ಅಗಲ ಹೆಚ್ಚು ಕಡಿಮೆ 7 ಅಡಿ. ಅದನ್ನ ಮಾಡುವುದೇ ಕಾಲುವೆಗೆ. ಇನ್ನೂರು ವರ್ಷದ ಹಿಂದೆ ಕಲ್ಲಿದ್ದಲು, ಮಡಕೆ, ಹತ್ತಿ ಸಾಗಿಸ್ಲಿಕ್ಕೆ ತೋಡಿದ ಕಾಲುವೆಗಳು, ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ಒಂದೇ ಟ್ರಸ್ಟ್ ನೋಡ್ಕೊಳ್ಳುವುದೇ 2,000 ಮೈಲಿ ಉಂಟು. ಅಲ್ಲಿ ಉಬ್ಬರ ಇಳಿತ ಇಲ್ಲ, ಅಲೆ ಇಲ್ಲ, ಹೆಚ್ಚಿನ ಕಡೆ ಬಿದ್ರೆ ಎದ್ದು ನಿಲ್ಲಬಹುದು, ಬೋಟು ಓಡ್ಸುವುದು ಗಂಟೆಗೆ 4 ಮೈಲಿ ಮೀರಬಾರ್ದು, ಅಂದ್ರೆ ನೀವು ದಡದಲ್ಲಿ ಸ್ವಲ್ಪ ಬಿರುಸಾಗಿ ನಡೆದ ಹಾಗೆ. ಮರೀನಾ ಅಂದ್ರೆ ಆ ಕಾಲುವೆ ಪಕ್ಕ ತೋಡಿದ ದೊಡ್ಡ ಕೆರೆ ಅಂತ ಇಟ್ಕೊಳ್ಳಿ, ಮರದ ಕಟ್ಟೆಗಳು, ಒಂದೊಂದು ಕಟ್ಟೆಗೆ ಎರಡು ಬೋಟು, ಕರೆಂಟು, ನಳ್ಳಿ ನೀರು, ಬಟ್ಟೆ ಒಗೆಯುವ ಕೋಣೆ.

ಈಗ ಯಾರು ನೋಡ್ಕೊಳ್ತಾರೆ ಅನ್ನೋ ಮಾತಿಗೆ ಬರ್ತೇನೆ, ಅದೇ ಮುಖ್ಯ. ನನ್ನ ಮೊದಲ ಚಳಿಗಾಲ, ಜನವರಿ, ನನಗೆ ಜೋರು ಜ್ವರ. ಹಾಸಿಗೆಯಿಂದ ಏಳ್ಲಿಕ್ಕೆ ಆಗದೆ ಸ್ಟೌವಿಗೆ ಕಲ್ಲಿದ್ದಲು ಹಾಕಿರ್ಲಿಲ್ಲ, ರಾತ್ರಿ ಅದು ನಂದಿ ಹೋಯ್ತು. ಬೆಳಿಗ್ಗೆ ಎಂಟು ಗಂಟೆಗೆ ತಲೆ ಮೇಲೆ ಟಕ್ ಟಕ್ ಟಕ್ ಅಂತ ಮಾಡಿಗೆ ಬಡಿಯುವ ಶಬ್ದ. ಅಲ್ಲಿ ಕೇಳದೆ ಇನ್ನೊಬ್ಬರ ಬೋಟಿಗೆ ಕಾಲಿಡುವ ಕ್ರಮ ಇಲ್ಲ, ದಡದಲ್ಲೇ ನಿಂತು ಮಾಡು ಬಡೀಬೇಕು. ಪಕ್ಕದ ಬೋಟಿನ ಅಜ್ಜಿ, ಎಪ್ಪತ್ತು ದಾಟಿದವರು, ಡ್ರೆಸ್ಸಿಂಗ್ ಗೌನ್ ಮೇಲೆ ಕೋಟು, ಕಾಲಿಗೆ ಗಂಬೂಟು, ಕೈಯಲ್ಲಿ ಬಕೆಟಿನಷ್ಟು ಕೆಂಡ. 'ನಿನ್ನ ಚಿಮಣಿಲಿ ಹೊಗೆ ಕಾಣ್ಲಿಲ್ಲ' ಅಂದ್ರು, ಅಷ್ಟೇ. ನನ್ನ ಸ್ಟೌವಿಗೆ ಅವರ ಕೆಂಡ ಹಾಕಿ ಹೊತ್ತಿಸಿ ಹೋದ್ರು, ಮಧ್ಯಾಹ್ನ ಇನ್ನೊಂದು ಬೋಟಿಂದ ಸೂಪು ಬಂತು, ಸಂಜೆ ಮತ್ತೊಬ್ಬ ಬಂದು ನನ್ನ ನೀರಿನ ಟ್ಯಾಂಕ್ ತುಂಬಿಸಿಟ್ಟ. ಮೂರು ದಿನ ಹಾಗೇ. ನನಗೆ ಆಗ ನನ್ನ ಅಮ್ಮನ ನೆನಪಾಯ್ತು. ಊರಲ್ಲಿ ಬೆಳಿಗ್ಗೆ ಎದ್ದು ಆಚೆ ಮನೆ ಬಚ್ಚಲೊಲೆ ಹೊಗೆ ಕಾಣ್ಲಿಲ್ಲ ಅಂದ್ರೆ 'ಎಂಥ ಆಯ್ತಾ ಅವರಿಗೆ, ನೋಡಿ ಬಾ' ಅಂತ ನನ್ನನ್ನ ಓಡಿಸ್ತಿದ್ಲು. ಇದೇ ಕಣ್ಣು ಅದು.

ಮತ್ತೆ ನೀವು ಮಲ್ಪೆಯವರು, ನಿಮಗೆ ನಾನು ಇದನ್ನ ಹೇಳ್ಕೊಡ್ಬೇಕಾ? ಜೂನಲ್ಲಿ ಬಂದರಿಗೆ ಹೋಗಿ ನೋಡಿ, ಬೋಟಿಗೆ ಬೋಟು ಒತ್ತಿ ಕಟ್ಟಿರ್ತಾರೆ, ಕಡೇ ಬೋಟಿನವ ದಡಕ್ಕೆ ಬರ್ಬೇಕಾದ್ರೆ ಹತ್ತು ಬೋಟು ದಾಟಿ ಬರ್ಬೇಕು. ಮಳೆಯ ರಾತ್ರಿ ಒಂದು ಹಗ್ಗ ತುಂಡಾದ್ರೆ ಅದು ಯಾರ ಬೋಟು ಅಂತ ಯಾರೂ ಕೇಳುವುದಿಲ್ಲ, ಹತ್ತಿರ ಇದ್ದವ ಹಾರಿ ಹಿಡಿದು ಕಟ್ತಾನೆ, ಯಾಕಂದ್ರೆ ಅದು ಬಿಟ್ಟು ಹೋದ್ರೆ ತನ್ನದಕ್ಕೂ ಬಡಿತದೆ. ಅಲ್ಲಿ ಮರೀನಾದಲ್ಲೂ ಅಷ್ಟೇ, ಬೋಟು ಒಳಗೆ ಬರುವಾಗ ಗಾಳಿ ಇದ್ರೆ ಎಲ್ಲಿಂದಲೋ ಇಬ್ಬರು ಬಂದು ಕೈ ಚಾಚಿ ನಿಲ್ತಾರೆ, ನೀವು ಹಗ್ಗ ಎಸೀಬೇಕು ಅಷ್ಟೆ. ನೆಂಟರಿಗೆ ಹೇಳಿ, ಮನೆ ಇಲ್ಲದವನಲ್ಲ, ಎರಡೂ ಬದಿಗೆ ನೆರೆಕರೆ ಇರುವವ ಅಂತ.

ಆದ್ರೆ ಮಗನ ಹತ್ರ ನೀವು ಕೇಳಲೇಬೇಕಾದ ಕೆಲವು ವಿಷಯ ಉಂಟು. ಮೊದಲನೇದು ಕಾರ್ಬನ್ ಮೊನಾಕ್ಸೈಡ್ ಅಲಾರಂ. ಕಲ್ಲಿದ್ದಲು ಸ್ಟೌವ್, ಗ್ಯಾಸು, ಹೀಟರು ಎಲ್ಲ ಮುಚ್ಚಿದ ಸಣ್ಣ ಜಾಗದಲ್ಲಿ ಉರಿಯುವಾಗ ಹುಟ್ಟುವ ಆ ಗ್ಯಾಸಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು, ವಾಕರಿಕೆ ಅಂತ ಶುರುವಾಗಿ ನಿದ್ದೆಯಲ್ಲೇ ಜೀವ ಹೋಗ್ತದೆ. ಮಲಗುವ ಕ್ಯಾಬಿನ್ ಇರೋ ಬೋಟಿಗೆ ಅಲ್ಲಿ 2019ರ ಏಪ್ರಿಲಿಂದ ಅಲಾರಂ ಕಡ್ಡಾಯ, ನಾಲ್ಕು ವರ್ಷಕ್ಕೊಮ್ಮೆ ಸೇಫ್ಟಿ ಸರ್ಟಿಫಿಕೇಟೂ ಬೇಕು. 'ಬಟನ್ ಒತ್ತಿ ನೋಡಿದ್ಯಾ ಈ ವಾರ?' ಅಂತ ಫೋನಲ್ಲಿ ಕೇಳಿ, ಬೈಸ್ಕೊಂಡ್ರೂ ತೊಂದ್ರೆ ಇಲ್ಲ. ಎರಡನೇದು, ಅವನದ್ದು ವಾಸಕ್ಕೇ ಅಂತ ಕೊಟ್ಟ ಜಾಗವಾ, ಇಲ್ಲ ರಜೆಗೆ ಬಂದು ಹೋಗುವವರಿಗೆ ಕೊಟ್ಟದ್ದಾ ಅಂತ ಕೇಳಿ. ವಾಸದ ಜಾಗ ಕಡಿಮೆ, ರೇಟು ಜಾಸ್ತಿ, ಎಷ್ಟೋ ಜನ ಸುಮ್ಮನೆ ರಜೆ ಜಾಗದಲ್ಲೇ ಇರ್ತಾರೆ, ಒಂದು ದಿನ ಹೊರಡಿ ಅಂದ್ರೆ ಹೊರಡ್ಬೇಕಾಗ್ತದೆ. ಮೂರನೇದು, ಡಾಕ್ಟರು. ಇಂಗ್ಲೆಂಡಲ್ಲಿ ಸರ್ಕಾರಿ ಡಾಕ್ಟರ ಹತ್ರ ಹೆಸರು ಬರೆಸ್ಲಿಕ್ಕೆ ವಿಳಾಸದ ದಾಖಲೆ ಬೇಡ, ಬರೆಸಿದ್ದಾನಾ ಇಲ್ವಾ ಕೇಳಿ, ಹುಡುಗರು ಇದನ್ನ ನಾಳೆ ನಾಳೆ ಅಂತ ಬಿಡ್ತಾರೆ. ಹಿಮ ಬಿದ್ದಾಗ ಕಟ್ಟೆ ಜಾರ್ತದೆ, ರಾತ್ರಿ ಒಬ್ಬನೇ ನಡೆಯುವಾಗ ಲೈಫ್ ಜಾಕೆಟ್ ಹಾಕ್ಲಿ, ನೀರು ಆಳ ಇಲ್ಲದಿದ್ರೂ ಆ ತಣ್ಣಗಿನ ನೀರಿಗೆ ಬಿದ್ದ ಕೂಡಲೇ ಉಸಿರು ಕಟ್ತದೆ.

ನೀವು ಖಂಡಿತ ಹೋಗಿ. ಮೇ ತಿಂಗಳಲ್ಲಿ ಹೋಗಿ, ಬಾತುಕೋಳಿ ಮರಿಗಳೆಲ್ಲ ಕಿಟಕಿ ಹತ್ರ ಬರ್ತವೆ. ಟಾಯ್ಲೆಟಿನ ಅಡಿಯಲ್ಲಿ ಕೊಳಕು ತುಂಬುವ ಡಬ್ಬಿ, ಕ್ಯಾಸೆಟ್ ಅಂತಾರೆ, ಅದು ಇದ್ರೆ ಕೈಯಲ್ಲಿ ಹೊತ್ಕೊಂಡು ಹೋಗಿ ಖಾಲಿ ಮಾಡ್ಬೇಕು, ಅದು ಮಗ ಮಾಡ್ಲಿ. ಕುಚ್ಚಲಕ್ಕಿ ತಗೊಂಡು ಹೋಗಿ, ಗ್ಯಾಸಲ್ಲಿ ಬೇಯಿಸಿದ್ರೆ ಸಿಲಿಂಡರ್ ಖಾಲಿ ಆಗ್ತದೆ, ಆದ್ರೆ ಚಳಿ ಇನ್ನೂ ಇದ್ದು ಸ್ಟೌವ್ ಹೊತ್ತಿಸಿದ್ರೆ ರಾತ್ರಿ ಅದರ ತಲೆ ಮೇಲೆ ಪಾತ್ರೆ ಇಟ್ಟು ಮಲಗಿ, ಬೆಳಿಗ್ಗೆ ಗಂಜಿ ಆಗಿರ್ತದೆ. ನಾನು ಎರಡು ವರ್ಷ ಅದೇ ತಿಂದದ್ದು. ಒಣಮೀನು ಮಾತ್ರ ಒಳಗೆ ಸುಡ್ಬೇಡಿ, ಹಾಸಿಗೆ ಬಟ್ಟೆ ಎಲ್ಲದಕ್ಕೂ ಹಿಡಿದು ವಾರ ಬಿಡುವುದಿಲ್ಲ.

ಪ್ರಶ್ನೆ: ನಾವಿಬ್ಬರೂ ಐಟಿ, ಮನೆಯಿಂದಲೇ ಕೆಲಸ. ಮಂಗಳೂರಲ್ಲಿ ಫ್ಲಾಟ್ ಬದಲು ಗುರುಪುರ ನದಿಯಲ್ಲಿ ಒಂದು ಬೋಟ್ ನಿಲ್ಲಿಸಿ ಅದ್ರಲ್ಲೇ ಇರಬಹುದಾ? ವಿದೇಶದ ಹಾಗೆ ಇಲ್ಲೂ ಆ ತರ ಒಂದು ಸಮುದಾಯ ಕಟ್ಟಬೇಕು ಅಂತ ಆಸೆ.
— ದಂಪತಿ, ಮಂಗಳೂರು

ಉತ್ತರ: ಆಸೆ ಒಳ್ಳೇದು, ನನಗೂ ಉಂಟು. ಆದ್ರೆ ನಿಜ ಹೇಳ್ತೇನೆ, ಇವತ್ತು ಮಂಗಳೂರಲ್ಲಾಗಲಿ ಉಡುಪಿಲಾಗಲಿ ಸಂಸಾರ ಮಾಡ್ಲಿಕ್ಕೆ ಬೋಟು ಕಟ್ಟುವ ಮರೀನಾ ಇಲ್ಲ. ಬೋಟು ಕಟ್ಟುವ ದಕ್ಕೆ ಮೀನುಗಾರರದ್ದು, ಅವರ ಬೋಟುಗಳಿಗೇ ಜಾಗ ಸಾಲದು, ಅಲ್ಲಿ ಹೋಗಿ ನಾವು ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ಕೊಂಡ್ರೆ ಅದು ನ್ಯಾಯ ಅಲ್ಲ. ಹಳೇ ಬಂದರಿಂದ ಲಕ್ಷದ್ವೀಪಕ್ಕೆ ಸರಕು ಹೋಗ್ತದೆ. ಉಡುಪಿಯ ಕೋಡಿಬೆಂಗ್ರೆ ಕಡೆ ಇರುವ ಹೌಸ್‌ಬೋಟು ಪ್ರವಾಸಿಗರಿಗೆ. ಹತ್ತಿರದ ಸರಿಯಾದ ಮರೀನಾ ಅಂದ್ರೆ ಕೊಚ್ಚಿಯ ಬೋಳ್ಗಾಟಿ ದ್ವೀಪದ್ದು.

ಮತ್ತೆ ನಮ್ಮ ನೀರು ಇಂಗ್ಲೆಂಡಿನ ಕಾಲುವೆ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅದು ಮೀನು ಮರಿ ಹಾಕ್ಲಿಕ್ಕೆ ಮಾಡಿದ್ದು ಹೌದು, ಆದ್ರೆ ಆ ಹೊತ್ತಲ್ಲಿ ಕಡಲು ಹೇಗಿರ್ತದೆ ಅಂತ ಪಣಂಬೂರಲ್ಲಿ ನಿಂತು ನೋಡಿದವರಿಗೆ ಗೊತ್ತುಂಟು. ನೇತ್ರಾವತಿ, ಗುರುಪುರ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುವುದು, ಘಟ್ಟದಲ್ಲಿ ಜೋರು ಮಳೆ ಆದ್ರೆ ಕೆಂಪು ನೀರು, ಮರದ ದಿಮ್ಮಿ, ತೆಂಗಿನಕಾಯಿ, ಪ್ಲಾಸ್ಟಿಕ್ ಎಲ್ಲ ನಿಮ್ಮ ಹಗ್ಗಕ್ಕೆ ಬಂದು ತಾಗ್ತದೆ. ದಿನಕ್ಕೆ ಎರಡು ಸಲ ಉಬ್ಬರ ಇಳಿತ, ಹಗ್ಗ ಬಿಗಿಯಾಗಿ ಕಟ್ಟಿ ಮಲಗಿದ್ರೆ ಬೆಳಿಗ್ಗೆ ಬೋಟು ವಾಲಿ ನೇತಾಡ್ತಿರ್ತದೆ. ಉಪ್ಪು ನೀರಲ್ಲಿ ಮರಕ್ಕೆ ಹುಳ ಹಿಡಿತದೆ, ಹೊರಗಿಂದ ಸೂಜಿ ಮೊನೆಯಷ್ಟು ತೂತು, ಒಳಗೆ ಹಲಗೆ ಪೂರಾ ಜಾಲರಿ, ಅದಕ್ಕೇ ಹಿಂದಿನವರು ದೋಣಿಗೆ ಗೇರು ಬೀಜದ ಸಿಪ್ಪೆ ಎಣ್ಣೆ ಬಳೀತಿದ್ದದ್ದು. ಈಗ ಫೈಬರ್ ಬಂದಿದೆ, ಆದ್ರೂ ಅಡಿಯಲ್ಲಿ ಚಿಪ್ಪು ಕಚ್ಚುವುದು ತಪ್ಪುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಕ್ಕಸಿನದ್ದು. ಹತ್ತು ಸಂಸಾರ ನದಿಯಲ್ಲಿ ವಾಸ ಮಾಡಿ ಎಲ್ಲ ಅಲ್ಲೇ ಬಿಟ್ರೆ ಕೆಳಗೆ ಅಳಿವೆ ಹತ್ರದ ಬೆಂಗ್ರೆಯಲ್ಲಿ ಮರುವಾಯಿ, ಅಂದ್ರೆ ಚಿಪ್ಪುಮೀನು, ಹೆಕ್ಕುವವರ ಗತಿ ಏನು? ಹೊರಗಿನ ದೇಶದಲ್ಲೂ ಬೇಕಾದ ಹಾಗೆ ಬಿಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಒಂದು ಮರೀನಾದ ಒಟ್ಟು ಜಾಗದಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ವಾಸದ ಬೋಟಿಗೆ ಕೊಡುವುದಿಲ್ಲ, ನೀರು ಎಲ್ಲರದ್ದು ಅನ್ನುವ ಲೆಕ್ಕ. ಇಂಗ್ಲೆಂಡಲ್ಲಿ ಕಾಯಂ ಜಾಗ ಇಲ್ಲದ ಬೋಟು ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವ ಹಾಗಿಲ್ಲ.

ನನ್ನ ಸಲಹೆ ಇಷ್ಟು. ಬೋಟು ತಗೊಳ್ಳುವ ಮೊದಲು ಒಂದು ಮಳೆಗಾಲ ಬೆಂಗ್ರೆಯಲ್ಲಿ ಬಾಡಿಗೆಗೆ ಇದ್ದು ನೋಡಿ. ಒಂದು ಬದಿ ಕಡಲು, ಇನ್ನೊಂದು ಬದಿ ನದಿ, ಪೇಟೆಗೆ ಬರ್ಲಿಕ್ಕೆ ಫೆರಿ, ಸಂಜೆ ಫೆರಿಯಲ್ಲಿ ಮೀನಿನ ಬುಟ್ಟಿ, ಶಾಲೆ ಮಕ್ಕಳು, ಬೈಕು ಎಲ್ಲ ಒಟ್ಟಿಗೆ. ನೀವು ಕಟ್ಟಬೇಕು ಅಂತಿರುವ ಸಮುದಾಯ ಅಲ್ಲಿ ಆಗ್ಲೇ ಉಂಟು, ಅವರ ಜೊತೆ ಸೇರ್ಕೊಳ್ಳಿ. ಆಮೇಲೂ ಆಸೆ ಹಾಗೇ ಇದ್ರೆ ನನಗೆ ಬರೀರಿ, ಬಂದರು ಇಲಾಖೆಗೆ ಮನವಿ ಕೊಡ್ಲಿಕ್ಕೆ ನಾನೂ ಸಹಿ ಹಾಕ್ತೇನೆ.

ಪ್ರಶ್ನೆ: ಓದ್ಲಿಕ್ಕೆ ಇಂಗ್ಲೆಂಡಿಗೆ ಬಂದಿದ್ದೇನೆ, ಕೆಲಸ ಸಿಕ್ಕಿದ್ರೆ ಸೆಕೆಂಡ್ ಹ್ಯಾಂಡ್ ಬೋಟ್ ತಗೊಳ್ಳುವ ಯೋಚನೆ. ಏನು ನೋಡ್ಬೇಕು?
— ಕಿನ್ನಿಗೋಳಿಯ ಹುಡುಗ

ಉತ್ತರ: ತಮ್ಮಾ, ಒಳಗಿನ ಸೋಫಾ, ಪೇಂಟು ನೋಡಿ ಮರುಳಾಗ್ಬೇಡ. ನಾನು ಮರುಳಾಗಿದ್ದೆ. ಮಾರುವವ ಹೋದ ವರ್ಷವೇ ಎಲ್ಲ ಚೆಕ್ ಮಾಡಿಸಿದ್ದೇನೆ ಅಂದ, ನಂಬಿ ದುಡ್ಡು ಕೊಟ್ಟೆ. ಆಮೇಲೆ ನೀರಿಂದ ಮೇಲೆ ಎತ್ತಿಸಿ ನೋಡಿದ್ರೆ ಇಂಜಿನ್ ಹತ್ರ ಅಡಿ ತಗಡು ತುಕ್ಕು ತಿಂದು ತೆಳ್ಳಗಾಗಿತ್ತು, ಹೊಸ ತಗಡು ವೆಲ್ಡ್ ಮಾಡಿಸ್ಲಿಕ್ಕೆ ನನ್ನ ಎಂಟು ತಿಂಗಳ ಉಳಿತಾಯ ಹೋಯ್ತು. ಹೊಸ ನ್ಯಾರೋಬೋಟಲ್ಲಿ ಸಾಮಾನ್ಯವಾಗಿ ತಗಡಿನ ದಪ್ಪ ತಳದಲ್ಲಿ 10 ಮಿಲಿಮೀಟರ್, ಬದಿಯಲ್ಲಿ 6, ಮಾಡಲ್ಲಿ 4 ಇರ್ತದೆ. ಬೋಟನ್ನ ನೀರಿಂದ ಎತ್ತಿಸಿ, ನೀನೇ ದುಡ್ಡು ಕೊಟ್ಟು ನೇಮಿಸಿದ ಬೋಟ್ ಸರ್ವೇಯರ್ ಹತ್ರ ತಗಡು ಅಳತೆ ಮಾಡಿಸದೆ ಒಂದು ಪೌಂಡೂ ಕೊಡ್ಬೇಡ, ಎಷ್ಟೋ ಇನ್ಶೂರೆನ್ಸ್‌ನವರು 4 ಮಿಲಿಮೀಟರಿಗಿಂತ ಕಡಿಮೆ ಇದ್ರೆ ತಕರಾರು ತೆಗೀತಾರೆ. ಎರಡು ಮೂರು ವರ್ಷಕ್ಕೊಮ್ಮೆ ಅಡಿಗೆ ಕಪ್ಪು ಪೇಂಟ್ ಹೊಡೆಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿ. ಮತ್ತೆ ಮರೀನಾ ನೋಡ್ಲಿಕ್ಕೆ ಹಗಲು ಹೋಗ್ಬೇಡ, ನವೆಂಬರಲ್ಲಿ ಒಂದು ಮಳೆ ಸಂಜೆ ಹೋಗಿ ಎಷ್ಟು ಕಿಟಕಿಲಿ ದೀಪ ಉಂಟು ಅಂತ ಎಣಿಸು. ದೀಪ ಇದ್ದಲ್ಲಿ ಮಾತ್ರ ಜಾಗ ತಗೋ.

ಪ್ರಶ್ನೆ: ನನ್ನ ಗಂಡ ಟ್ರಾಲ್ ಬೋಟಲ್ಲಿ ಹೋದ್ರೆ ಹತ್ತು ದಿನ ಕಡಲಲ್ಲೇ. ಅವರದ್ದೂ ಬೋಟ್ ವಾಸವೇ ಅಲ್ವಾ ಸಾರ್? ಅವರಿಗೆ ಹೇಳುವಂಥದ್ದು ಏನಾದ್ರೂ ಉಂಟಾ?
— ಗಂಗೊಳ್ಳಿ

ಉತ್ತರ: ಹೌದು ತಂಗಿ, ಅವರದ್ದೇ ನಿಜವಾದ ಬೋಟ್ ವಾಸ. ಏಳೆಂಟು ಜನ ಒಂದು ಸಣ್ಣ ಕ್ಯಾಬಿನಲ್ಲಿ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಎಷ್ಟೋ ಬೋಟಲ್ಲಿ ಸರಿಯಾದ ಕಕ್ಕಸೂ ಇಲ್ಲ. ಯಾರೋ ರಜೆಗೆ ಬರುವವರ ಬೋಟಿಗೆ ಇರುವ ಸೌಕರ್ಯ ಬೋಟು ನಡೆಸುವ ನಮ್ಮ ತಾಂಡೇಲನಿಗೂ ಅದ್ರಲ್ಲಿ ದುಡಿಯುವ ಕಲಾಸಿಗೂ ಇಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ, ಬೋಟ್ ಮಾಲಕರ ಮೀಟಿಂಗಲ್ಲಿ ಸಿಕ್ಕಿದಾಗೆಲ್ಲ ಹೇಳ್ತಾ ಇದ್ದೇನೆ.

ನಿಮ್ಮ ಕೈಯಲ್ಲೇ ಆಗುವ ಒಂದು ಕೆಲಸ ಉಂಟು. ಮೇಲೆ ಆ ಅಮ್ಮನಿಗೆ ಹೇಳಿದೆ ಅಲ್ವಾ, ಅದೇ ಕಾರ್ಬನ್ ಮೊನಾಕ್ಸೈಡ್ ಅಲಾರಂ, ಬ್ಯಾಟರಿದ್ದು, ಆನ್‌ಲೈನಲ್ಲಿ ಸಿಗ್ತದೆ, ಅಂಗೈ ಅಗಲ. ಮಳೆ ಗಾಳಿ ಅಂತ ಬಾಗಿಲು ಮುಚ್ಚಿ ಒಳಗೆ ಸ್ಟೌವ್ ಉರಿಸಿ ಮಲಗುವವರು ಅವರು. ಈ ಸಲ ಹೊರಡುವಾಗ ಬಟ್ಟೆ ಚೀಲದಲ್ಲಿ ಹಾಕಿ ಕಳಿಸಿ, ಮಲಗುವಲ್ಲಿ ತಲೆ ಹತ್ರ ಕಟ್ಲಿಕ್ಕೆ ಹೇಳಿ, ಒಲೆ ಪಕ್ಕ ಬೇಡ.