ಸಂಜೆ ತರಗತಿಯ ತೋಟಗಾರಿಕೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಕೆಲಸದ ಜೊತೆಗೇ ತೋಟಗಾರಿಕೆ ಕಲಿಯಬೇಕೆಂದಿದ್ದೇನೆ. ನಗರದಲ್ಲಿ ವಯಸ್ಕರಿಗಾಗಿ ಎರಡು ಕೋರ್ಸುಗಳಿವೆ. ಒಂದು ನಾಲ್ಕು ವಾರದ್ದು, ದಿನವೂ ಪಾಠ. ಇನ್ನೊಂದು ವಾರಕ್ಕೊಂದೇ ತರಗತಿ, ಎಂಟು ತಿಂಗಳು. ಯಾವುದಕ್ಕೆ ಸೇರಲಿ?
— ಕಚೇರಿ ನೌಕರರು

ಉತ್ತರ: ಎಂಟು ತಿಂಗಳದ್ದಕ್ಕೆ. ಕಣ್ಣು ಕಸಿ (ಒಂದು ಗಿಡದ ಮೊಗ್ಗನ್ನು ಇನ್ನೊಂದರ ತೊಗಟೆಯೊಳಗೆ ಕೂರಿಸುವುದು) ಹಿಡಿಯಿತೋ ಇಲ್ಲವೋ ತಿಳಿಯಲು ಎರಡು ಮೂರು ವಾರ ಬೇಕು, ಗೂಟಿಯಲ್ಲಿ (ಗಿಡದ ಮೇಲಿರುವಾಗಲೇ ರೆಂಬೆಗೆ ಬೇರು ಬರಿಸುವುದು) ಬೇರು ಕಾಣಲು ಒಂದೆರಡು ತಿಂಗಳಾದರೂ ಬೇಕು. ನಾಲ್ಕು ವಾರದ ಕೋರ್ಸಿನಲ್ಲಿ ಕೆಲಸ ಮಾಡಿ ಬರುತ್ತೀರಿ, ಫಲ ನೋಡಿರುವುದಿಲ್ಲ. ಹಣ ಕಟ್ಟುವ ಮುನ್ನ ಇಷ್ಟು ಕೇಳಿ: ಒಟ್ಟು ಗಂಟೆಗಳಲ್ಲಿ ಪ್ರಾಯೋಗಿಕ ಪಾಠ ಎಷ್ಟು? ಒಬ್ಬ ಶಿಕ್ಷಕರಿಗೆ ಎಷ್ಟು ಮಂದಿ? ಪ್ರತಿಯೊಬ್ಬರಿಗೂ ಬೇರೆ ಚಾಕು, ಬೇರೆ ಗಿಡ ಸಿಗುತ್ತದೆಯೇ? ಯಾರೂ ಕೇಳದ ಪ್ರಶ್ನೆಯೊಂದಿದೆ, ಅದೇ ಮುಖ್ಯ: ಎರಡು ತರಗತಿಗಳ ನಡುವೆ ನಮ್ಮ ಸಸಿಗಳಿಗೆ ನೀರು ಹಾಕುವವರು ಯಾರು? ಉತ್ತರ ತಡವರಿಸಿದರೆ ಆ ಕೋರ್ಸಿನ ಪ್ರಾಯೋಗಿಕ ಪಾಠ ಕಾಗದದ ಮೇಲಷ್ಟೇ ಇದೆ ಎಂದುಕೊಳ್ಳಿ.

ಪ್ರಶ್ನೆ: ಗಿಡ ಗುರುತಿಸುವ ಪರೀಕ್ಷೆಯಲ್ಲಿ ಪ್ರತಿ ಸಲ ಎಡವುತ್ತೇನೆ. ಫೋಟೊ ನೋಡಿ ಬಾಯಿಪಾಠ ಮಾಡಿದ ಹೆಸರು ನಿಜವಾದ ಗಿಡ ಕಂಡಾಗ ನೆನಪಿಗೆ ಬರುವುದಿಲ್ಲ. ವಯಸ್ಸು 58.
— ನಿವೃತ್ತ ಶಿಕ್ಷಕರು

ಉತ್ತರ: ವಯಸ್ಸಿನ ತಪ್ಪಲ್ಲ, ಫೋಟೊದ ತಪ್ಪು. ಫೋಟೊದಲ್ಲಿ ಹೂವೇ ಎದ್ದು ಕಾಣುತ್ತದೆ, ಪರೀಕ್ಷೆಯಲ್ಲಿ ಕೊಡುವುದು ಬರಿಯ ರೆಂಬೆ. ಆದ್ದರಿಂದ ರೆಂಬೆಯನ್ನೇ ಕೈಯಲ್ಲಿ ಹಿಡಿದು ಒಂದೇ ಕ್ರಮದಲ್ಲಿ ನೋಡಿ. ಎಲೆಗಳು ಎದುರುಬದುರೋ, ಒಂದಾದ ಮೇಲೊಂದೋ? ಅಂಚು ನಯವೋ, ಗರಗಸದಂತೋ? ಮುರಿದರೆ ಹಾಲು ಬರುತ್ತದೆಯೇ? ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ. ನಾಲ್ಕು ಮೂಲೆ ಕೈಗೆ ತಾಗಿ, ಎಲೆಗಳೂ ಎದುರುಬದುರಾಗಿದ್ದು, ಉಜ್ಜಿದರೆ ಘಮ ಬಂದರೆ ಬಹುಪಾಲು ಅದು ತುಳಸಿ-ಪುದೀನ ಕುಟುಂಬದ್ದು. ಕುಟುಂಬ ಸಿಕ್ಕಿದರೆ ಹೆಸರು ಅರ್ಧ ಸಿಕ್ಕಂತೆ. ವಾರಕ್ಕೆ ಹತ್ತು ಗಿಡ ಸಾಕು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ನೆಲೆಗೊಳಿಸಿದ ಎರಡು ಪದಗಳ ಹೆಸರಿನ ಪದ್ಧತಿ ಇಂದಿಗೂ ಅದೇ ಇದೆ, ಆದರೆ ಒಳಗಿನ ಹೆಸರುಗಳು ಬದಲಾಗುತ್ತವೆ: ಸ್ನೇಕ್ ಪ್ಲಾಂಟ್ ಸಾನ್ಸವೀರಿಯಾದಿಂದ ಡ್ರಸೀನಾಕ್ಕೆ, ರೋಸ್ಮರಿ ಸಾಲ್ವಿಯಾಕ್ಕೆ ಹೋಗಿವೆ. ಯಾವ ಹೆಸರಿಗೆ ಅಂಕ ಕೊಡುತ್ತಾರೆಂದು ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಗುಲಾಬಿಗೆ 'ಟಿ' ಕಣ್ಣು ಕಸಿ ಕಟ್ಟಿದೆ. ಶಿಕ್ಷಕರು ಕಟ್ಟಿದ್ದು ಹಿಡಿಯಿತು, ನನ್ನದು ಒಂದೂ ಹಿಡಿಯಲಿಲ್ಲ. ಗಿಡ ಅದೇ, ದಿನವೂ ಅದೇ.
— ಗೃಹಿಣಿ

ಉತ್ತರ: ಗಿಡವೂ ದಿನವೂ ಅದೇ ಆಗಿದ್ದರೆ ಉಳಿಯುವುದು ಚಾಕು, ವೇಗ ಮತ್ತು ಕಟ್ಟು.

ಮೊದಲು ತೊಗಟೆ. ಬೇರುಗಿಡ (ಕಣ್ಣನ್ನು ಕೂರಿಸುವ ಗಿಡ) ಪೆನ್ಸಿಲ್ ದಪ್ಪವಿದ್ದು, ಚುರುಕಾಗಿ ಬೆಳೆಯುತ್ತಿರಬೇಕು. ಎರಡು ಮೂರು ದಿನ ಮೊದಲೇ ಚೆನ್ನಾಗಿ ನೀರು ಕೊಡಿ. 'ಟಿ' ಅಕ್ಷರದಂತೆ ಒಂದು ಸೆಂ.ಮೀ. ಅಡ್ಡ, ಎರಡೂವರೆ ಸೆಂ.ಮೀ. ಉದ್ದ ಗೀರಿ, ತೊಗಟೆಯಷ್ಟೇ ಸೀಳಬೇಕು, ಕಟ್ಟಿಗೆಗೆ ಇಳಿಯಬಾರದು. ತೊಗಟೆ ತಾನಾಗಿ ಬಿಚ್ಚಿಕೊಳ್ಳದೆ ನಾರುನಾರಾಗಿ ಹರಿದರೆ ಅಂದು ಕಸಿ ಕಟ್ಟಬೇಡಿ.

ಕಣ್ಣನ್ನು ಬೇಕಾದ ಗುಲಾಬಿಯ ಕಡ್ಡಿಯ ಮಧ್ಯಭಾಗದಿಂದ ಆರಿಸಿ, ತುದಿಯದು ತೀರಾ ಎಳೆಯದು. ಎಲೆ ಕತ್ತರಿಸಿ, ತೊಟ್ಟನ್ನು ಒಂದು ಸೆಂ.ಮೀ. ಬಿಡಿ, ಹಿಡಿಯಲು ಅದೇ ಹಿಡಿಕೆ. ಕಣ್ಣಿನ ಕೆಳಗೆ ಒಂದೂವರೆ ಸೆಂ.ಮೀ.ನಲ್ಲಿ ಚಾಕು ಇಟ್ಟು ಒಂದೇ ಎಳೆತದಲ್ಲಿ ಮೇಲಕ್ಕೆ ಬನ್ನಿ. ಹೊಸಬರು ಗರಗಸದಂತೆ ಹಿಂದೆ ಮುಂದೆ ಆಡಿಸುತ್ತಾರೆ, ಮೇಲ್ಮೈ ಅಲೆಅಲೆಯಾಗುತ್ತದೆ, ಅಲೆಯ ತಗ್ಗಿನಲ್ಲಿ ಗಾಳಿ ಉಳಿದು ಕಣ್ಣು ಒಣಗುತ್ತದೆ. ಕತ್ತರಿಸಿದ ಚೂರನ್ನು ಗಾಜಿನ ಮೇಲಿಟ್ಟು ನೋಡಿ; ಅಂಚು ಎಲ್ಲೂ ಮೇಲೇಳದೆ ಕೂತರೆ ಕೈ ಪಳಗಿದೆ. ಬೇಲಿ ಕತ್ತರಿಸಿದ ಕಡ್ಡಿಗಳು ಅಭ್ಯಾಸಕ್ಕೆ ಧಾರಾಳ ಸಾಕು.

ಕತ್ತರಿಸಿದ ಭಾಗಕ್ಕೆ ಬೆರಳು ತಾಗಿಸದೆ, ಕೂಡಲೇ ಬೇರುಗಿಡದ ತೊಗಟೆಯ ಒಳಗೆ ಜಾರಿಸಿ. ಕಣ್ಣು ತಲೆಕೆಳಗಾಗದಿರಲಿ (ನಗಬೇಡಿ, ಆಗುತ್ತದೆ). ಚೂರಿನ ಮೇಲ್ತುದಿ ಅಡ್ಡಗೀರಿನಿಂದ ಹೊರಗೆ ಉಳಿದರೆ ಗೀರಿಗೆ ಸರಿಯಾಗಿ ಕತ್ತರಿಸಿ. ಕಣ್ಣೊಂದನ್ನು ಬಿಟ್ಟು ಮೇಲೂ ಕೆಳಗೂ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ.

ಎರಡು ಮೂರು ವಾರದ ನಂತರ ತೊಟ್ಟನ್ನು ಮೆಲ್ಲಗೆ ಮುಟ್ಟಿ. ಕಳಚಿ ಬಿದ್ದರೆ ಹಿಡಿದಿದೆ. ಕಪ್ಪಾಗಿ ಮುರುಟಿ ಅಂಟಿಕೊಂಡಿದ್ದರೆ ಇಲ್ಲ. ಹಿಡಿದ ಮೇಲೆ ಪಟ್ಟಿ ಬಿಚ್ಚಲು ಮರೆತರೆ ಕಾಂಡ ದಪ್ಪವಾಗುತ್ತಾ ಅಲ್ಲೇ ಕತ್ತು ಹಿಸುಕಿದಂತಾಗುತ್ತದೆ.

ಪ್ರಶ್ನೆ: ಕಡ್ಡಿಗೆ ಬೇರು ಬರಿಸುವ ಹಾರ್ಮೋನು ಐಬಿಎಯನ್ನು 1000 ಪಿಪಿಎಂ ಮಾಡಲು ಹೇಳಿದ್ದಾರೆ. ಪುಡಿ ನೀರಿನಲ್ಲಿ ಕರಗುತ್ತಲೇ ಇಲ್ಲ. ಲೆಕ್ಕವೂ ಗೊಂದಲ.
— ವಿದ್ಯಾರ್ಥಿನಿ

ಉತ್ತರ: ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು; ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಒಂದು ಪಿಪಿಎಂ. ನೂರು ಮಿ.ಲೀ. ದ್ರಾವಣಕ್ಕೆ ನೂರು ಮಿಲಿಗ್ರಾಂ ತೂಗಿದರೆ ನಿಮ್ಮ 1000 ಆಯಿತು. ಶುದ್ಧ ಐಬಿಎ ನೀರಿನಲ್ಲಿ ಕರಗುವುದು ಅತ್ಯಲ್ಪ. ಮೊದಲು 50 ಮಿ.ಲೀ. ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ನೀರು ಸೇರಿಸುತ್ತಾ ನೂರಕ್ಕೆ ತನ್ನಿ. ಬೆಳ್ಳಗೆ ಮೋಡದಂತಾದರೆ ಆಲ್ಕೋಹಾಲಿನ ಪಾಲು ಸಾಲದೆ ಪುಡಿ ಮತ್ತೆ ಹೊರಬಂದಿದೆ. ಪೊಟ್ಯಾಸಿಯಂ ಲವಣದ ರೂಪ ಸಿಕ್ಕರೆ ಈ ತೊಂದರೆಯಿಲ್ಲ, ನೀರಿನಲ್ಲೇ ಕರಗುತ್ತದೆ. ಬೇಕಾದಷ್ಟನ್ನು ಲೋಟಕ್ಕೆ ಬಗ್ಗಿಸಿಕೊಂಡು, ಕಡ್ಡಿಯ ಬುಡವನ್ನು ಐದು ಸೆಕೆಂಡು ಅದ್ದಿ. ಉಳಿದದ್ದನ್ನು ಬಾಟಲಿಗೆ ಹಿಂದಿರುಗಿಸಬೇಡಿ. ಬುಡ ಕಪ್ಪಾಗಿ ಕೊಳೆತರೆ ದ್ರಾವಣ ತೀರಾ ಗಾಢವಾಗಿರಬಹುದು.

ಗೊಬ್ಬರಕ್ಕೂ ಇದೇ ಲೆಕ್ಕ: 19:19:19 (ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19 ಎಂದಿರುವ ಗೊಬ್ಬರ) ಲೀಟರಿಗೆ ಎರಡು ಗ್ರಾಂ ಹಾಕಿದರೆ ಸಾರಜನಕ 380 ಪಿಪಿಎಂ. ರಂಜಕ ಮಾತ್ರ 380 ಅಲ್ಲ, ಸುಮಾರು 166. ಚೀಲದ ಮೇಲಿನ ಅಂಕಿ ರಂಜಕದ ಆಕ್ಸೈಡಿನದ್ದು, ಅದರ ತೂಕದಲ್ಲಿ ರಂಜಕ ಒಂದು ಪಾಲಷ್ಟೇ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ.

ಪ್ರಶ್ನೆ: ನನಗೆ ಬಾಲ್ಕನಿ ಬಿಟ್ಟರೆ ಜಾಗವಿಲ್ಲ. ಕುಂಡದ ತಳಕ್ಕೆ ಜಲ್ಲಿ ಹಾಕಿದರೂ ಬೇರು ಕೊಳೆಯುತ್ತಿದೆ. ಮಿಶ್ರಣ ಸರಿಯಿದೆಯೇ ಎಂದು ಅಳೆಯುವುದು ಹೇಗೆ?
— ಫ್ಲಾಟ್ ನಿವಾಸಿ

ಉತ್ತರ: ಜಲ್ಲಿ ತೆಗೆಯಿರಿ. ಸಣ್ಣ ರಂಧ್ರಗಳ ಮಣ್ಣಿನಲ್ಲಿರುವ ನೀರು ದೊಡ್ಡ ಸಂದುಗಳ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣಿನ ಕೆಳತುದಿಯಲ್ಲೇ ನಿಲ್ಲುತ್ತದೆ. ನೀರು ನಿಂತ ಪದರ ಮೇಲಕ್ಕೇರಿ ಬೇರಿಗೆ ಇನ್ನಷ್ಟು ಹತ್ತಿರ ಬಂತು, ಅಷ್ಟೇ.

ಅಳೆಯುವುದು ಸುಲಭ. ಒಂದು ಲೀಟರ್ ಕುಂಡದ ತೂತುಗಳಿಗೆ ಹೊರಗಿನಿಂದ ಟೇಪ್ ಅಂಟಿಸಿ. ಒಣ ಮಿಶ್ರಣ ತುಂಬಿ, ಕುಂಡವನ್ನು ಎರಡು ಸಲ ಕುಟ್ಟಿ, ಮೇಲೆ ಹೊಳಪು ಕಾಣುವವರೆಗೆ ನಿಧಾನವಾಗಿ ನೀರು ಹಾಕಿ. ಅರ್ಧ ಗಂಟೆ ಬಿಟ್ಟು, ಇಳಿದಿದ್ದರೆ ಮತ್ತೆ ತುಂಬಿಸಿ. ಈಗ ಬೋಗುಣಿಯ ಮೇಲೆ ಹಿಡಿದು ಟೇಪ್ ಕಿತ್ತು, ತೊಟ್ಟಿಕ್ಕುವುದು ನಿಂತ ಮೇಲೆ ಇಳಿದ ನೀರನ್ನು ಅಳೆಯಿರಿ. 150 ಮಿ.ಲೀ. ಬಂದರೆ ಗಾಳಿಯ ಜಾಗ ಶೇ. 15. ಹೆಚ್ಚಿನ ಗಿಡಗಳಿಗೆ 10ರಿಂದ 20 ಸರಿ. ಹತ್ತಕ್ಕಿಂತ ಕಡಿಮೆ ಬಂದರೆ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ತೊಗಟೆ ಚೂರು ಬೆರೆಸಿ ಮತ್ತೆ ಅಳೆಯಿರಿ. ಮರಳು ಬೇಡ, ಸಣ್ಣ ಮರಳು ಇರುವ ಸಂದುಗಳನ್ನೂ ತುಂಬಿಬಿಡುತ್ತದೆ.