ಡೆರಿಕ್ ರೋಸ್ ಆಟ ಬಿಟ್ಟ ಮೇಲೆ

"ಯಾರೋ ಅಮೆರಿಕದೋನು ಆಟ ಬಿಟ್ಟ ಅಂತ ನಮ್ಮನೆಯವ್ರು ಊಟ ಬಿಟ್ಟವ್ರೆ ಮೇಡಂ. ಇದನ್ನ ಯಾರ ಹತ್ರ ಅಂತ ಹೇಳ್ಕೊಳ್ಳದು?"

2024ರ ದಸರಾ ಮುಗಿದ ವಾರ ಮಂಡ್ಯದಿಂದ ಮೈಸೂರಿಗೆ, ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದ ದಂಪತಿಯಲ್ಲಿ ಮೊದಲು ಬಾಯಿಬಿಟ್ಟಿದ್ದು ಹೆಂಡತಿ. ಗಂಡ ತಲೆ ತಗ್ಗಿಸಿ ಕೂತಿದ್ದ. (ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಮನೆಯವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಆತನಿಗೆ ಮೂವತ್ತೊಂದು ವರ್ಷ, ಅಪ್ಪನ ಗೊಬ್ಬರದಂಗಡಿ ನೋಡಿಕೊಳ್ಳುತ್ತಾನೆ. ಮೂರು ವಾರದಿಂದ ಅಂಗಡಿ ಬಾಗಿಲು ತೆಗೆಯುವುದು ಹನ್ನೊಂದಕ್ಕೆ, ಕೆಲವು ದಿನ ಅದೂ ಇಲ್ಲ. ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಹಳೇ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಬಿಟ್ಟು ಏಳುತ್ತಾನೆ. ಅಪ್ಪ ಗದರಿದ್ದಾಗಿತ್ತು, ಸ್ನೇಹಿತರು ರೇಗಿಸಿದ್ದಾಗಿತ್ತು, ತಾಯತ ಕಟ್ಟಿಸಿ ಎಂದವರೂ ಇದ್ದರು.

ಆತನನ್ನು ಒಬ್ಬನೇ ಕೂರಿಸಿಕೊಂಡು ಮೊದಲಿಗೆ ಕೇಳಲೇಬೇಕಾದ್ದನ್ನು ಕೇಳಿದೆ: ಬದುಕು ಸಾಕು ಅನ್ನಿಸಿದೆಯಾ? ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಎದೆ ಹಗುರಾಗುವುದೇ ಹೆಚ್ಚು. ಗೊಬ್ಬರದಂಗಡಿಯಲ್ಲಿ ಕೀಟನಾಶಕವೂ ಕೈಗೆಟುಕುವಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ಸುತ್ತಿಬಳಸಿ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ಅಂಥ ಯೋಚನೆ ಬಂದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಆದರೂ ಔಷಧಿ ಡಬ್ಬಿಗಳ ಕಪಾಟಿನ ಬೀಗದ ಕೈ ಸದ್ಯಕ್ಕೆ ಅಪ್ಪನ ಹತ್ತಿರ ಇರಲಿ ಎಂದೆ. ಒಪ್ಪಿದ. ಆಮೇಲೆ, "ಈಗ ರೋಸ್ ಬಗ್ಗೆ ಹೇಳಿ" ಎಂದೆ. ಅಲ್ಲಿಯವರೆಗೆ ಹೂಂ, ಉಹೂಂ ಎನ್ನುತ್ತಿದ್ದವನು ತಡೆಯಿಲ್ಲದೆ ಮಾತಾಡತೊಡಗಿದ.

ಡೆರಿಕ್ ರೋಸ್ ಷಿಕಾಗೋದ ಎಂಗಲ್‌ವುಡ್ ಎಂಬ ಬಡಾವಣೆಯ ಹುಡುಗ. 2008ರಲ್ಲಿ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ ಮೊಟ್ಟಮೊದಲ ಆಯ್ಕೆ ಅವನೇ, ಅದೂ ತನ್ನೂರಿನ ಬುಲ್ಸ್ ತಂಡಕ್ಕೆ. 2011ರಲ್ಲಿ, 22ನೇ ವಯಸ್ಸಿಗೆ, ಲೀಗ್‌ನ ಅತ್ಯಮೂಲ್ಯ ಆಟಗಾರ. ಅಷ್ಟು ಚಿಕ್ಕ ವಯಸ್ಸಿಗೆ ಆ ಪ್ರಶಸ್ತಿ ಪಡೆದವರು ಬೇರೆ ಯಾರೂ ಇಲ್ಲ. ಮರುವರ್ಷ ಏಪ್ರಿಲ್ 28ರಂದು ಪ್ಲೇಆಫ್‌ನ ಮೊದಲ ಪಂದ್ಯ. ಬುಲ್ಸ್ 12 ಅಂಕ ಮುಂದಿತ್ತು, ಮುಗಿಯಲು ಒಂದು ನಿಮಿಷ ಚಿಲ್ಲರೆ ಬಾಕಿ. ಆಗ ರೋಸ್‌ನ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಂದಿನ ಇಡೀ ಸೀಸನ್ ಆಡಲಿಲ್ಲ. 2013ರಲ್ಲಿ ವಾಪಸು ಬಂದ ಕೆಲವೇ ವಾರಕ್ಕೆ ಬಲ ಮೊಣಕಾಲು ಹೋಯಿತು. 2015ರಲ್ಲಿ ಮತ್ತೆ ಅದೇ ಕಾಲು. 2016ರಲ್ಲಿ ಬುಲ್ಸ್ ಅವನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು.

"ಅವ್ನು ಬಿದ್ದಾಗ್ಲೆಲ್ಲ ನಾನು ಇನ್ ಮುಗೀತು ಅನ್ಕೊಳ್ತಿದ್ದೆ ಮೇಡಂ. ಅವ್ನು ಹಂಗ್ ಅನ್ಕೊಳ್ತಿರ್ಲಿಲ್ಲ."

2014ರಲ್ಲಿ, ಕಾಲೇಜು ತಂಡಕ್ಕೆ ಆಡುವಾಗ, ಈತನ ಮೊಣಕಾಲಿನ ಲಿಗಮೆಂಟ್ ಕೂಡ ಹರಿದಿತ್ತು. ಆಪರೇಷನ್ ಆಗಬೇಕು ಎಂದರು ಡಾಕ್ಟರು. ಅದು ಮಂಡ್ಯದ ರೈತರಿಗೆ ಕಬ್ಬಿನ ಬಾಕಿ ಕೈಗೆ ಬಾರದ ಕಾಲ. ರೈತನ ಕೈಗೆ ದುಡ್ಡು ಬಾರದಿದ್ದರೆ ಗೊಬ್ಬರದಂಗಡಿಯ ಸಾಲದ ಪುಸ್ತಕವೂ ತುಂಬುತ್ತಾ ಹೋಗುತ್ತದೆ. "ಆಮೇಲೆ ನೋಡಣ" ಎಂದರು ಅಪ್ಪ. ಆ ಮಾತು ಅಲ್ಲಿಗೇ ನಿಂತಿತು.

2018ರ ನವೆಂಬರ್ 1ರ ಬೆಳಿಗ್ಗೆಯದನ್ನು ಆತ ಬಿಡಿಬಿಡಿಯಾಗಿ ಹೇಳಿದ. ಬೀದಿಯ ಹುಡುಗರು ರಾಜ್ಯೋತ್ಸವಕ್ಕೆ ಕಂಬಕ್ಕೆ ಹಳದಿ ಕೆಂಪು ಬಟ್ಟೆ ಸುತ್ತುತ್ತಿದ್ದರು. ಈತ ಒಂದು ಕೈಲಿ ಏಣಿ ಹಿಡಿದು ನಿಂತಿದ್ದ, ಇನ್ನೊಂದು ಕೈಲಿ ಮೊಬೈಲು. ಮಿನಿಯಾಪೊಲಿಸ್‌ನಲ್ಲಿ ಅದು ಅಕ್ಟೋಬರ್ 31ರ ರಾತ್ರಿ. ಮುಗಿದೇ ಹೋದ ಎಂದು ಎಲ್ಲರೂ ಬರೆದಾಗಿದ್ದ ರೋಸ್, ಮಿನ್ನೆಸೋಟ ತಂಡದ ಅಂಗಿ ತೊಟ್ಟು ಯೂಟಾ ವಿರುದ್ಧ 50 ಅಂಕ ಹೊಡೆದ. ಅವನ ಇಡೀ ಆಟದ ಬದುಕಿನಲ್ಲೇ ಅದು ಅತಿ ಹೆಚ್ಚು. 128–125ರಲ್ಲಿ ಗೆದ್ದ ಮೇಲೆ ಜೊತೆಗಾರರು ಸುತ್ತುವರಿದರು, ರೋಸ್ ಅಂಗಳದಲ್ಲೇ ಅತ್ತ. ಇತ್ತ ಏಣಿ ಹಿಡಿದವನೂ ಅತ್ತ. ಕನ್ನಡದ ಮೇಲಿನ ಪ್ರೀತಿಗೆ ಕಣ್ಣು ತುಂಬಿತು ಎಂದುಕೊಂಡ ಹುಡುಗರಿಗೆ ಈತ ಏನೂ ಹೇಳಲಿಲ್ಲ. ಆರು ವರ್ಷದಲ್ಲಿ ಆ ಬೆಳಿಗ್ಗೆಯ ಸುದ್ದಿಯನ್ನು ಹೆಂಡತಿಗೂ ಹೇಳಿರಲಿಲ್ಲ.

2024ರ ಸೆಪ್ಟೆಂಬರ್ 26ರಂದು ರೋಸ್ ನಿವೃತ್ತಿ ಹೇಳಿದ. ತಾನು ಆಡಿದ ಆರು ಊರುಗಳ ಪತ್ರಿಕೆಗಳಲ್ಲಿ ಪುಟ ತುಂಬಾ ಆಟಕ್ಕೇ ಬರೆದ ಬೀಳ್ಕೊಡುಗೆಯ ಕಾಗದ ಹಾಕಿಸಿದ. ಈತ ಅದನ್ನು ಮೊಬೈಲಿನಲ್ಲಿ ಓದಿದ್ದು ಅಂಗಡಿಯಲ್ಲಿ, ಯಾರೋ ಯೂರಿಯಾ ಕೇಳುತ್ತಾ ನಿಂತಿದ್ದಾಗ.

ಇಂಥವರಿಗೆ "ನೀವು ಅಳುತ್ತಿರುವುದು ಅವನಿಗಲ್ಲ, ನಿಮಗೇ" ಎಂದು ಹೇಳಿ ಮುಗಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ. ಈತನಿಗೂ ಗೆಳೆಯನೊಬ್ಬ ಅದನ್ನು ಹೇಳಿಯಾಗಿತ್ತು, ಅದರಿಂದ ಒಂದು ತುತ್ತೂ ಹೆಚ್ಚಿಗೆ ಇಳಿದಿರಲಿಲ್ಲ. ಹದಿನೆಂಟರಿಂದ ಮೂವತ್ತೊಂದರವರೆಗೆ ಒಬ್ಬ ಮನುಷ್ಯನನ್ನು ಬೆಳಿಗ್ಗೆ ಬೆಳಿಗ್ಗೆ ಎದ್ದು ನೋಡಿದ್ದಾನೆ, ಅವನು ಬಿದ್ದಾಗ ಮರುಗಿದ್ದಾನೆ. ಅದು ಅಭಿಮಾನ, ನಿಜವಾದದ್ದು. ಅದರೊಳಗೆ ತನ್ನ ಮೊಣಕಾಲಿನ ನೋವೂ ಸೇರಿದ್ದರೆ ಅದನ್ನು ಆತನೇ ಹೇಳಬೇಕು, ತನ್ನ ಹೊತ್ತಿಗೆ. ಸುತ್ತಲಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖದ ಬಗ್ಗೆ ಕೆನ್ನೆತ್ ಡೋಕಾ ಎಂಬ ಅಮೆರಿಕದ ತಜ್ಞರು 1989ರಲ್ಲೇ ಬರೆದಿದ್ದಾರೆ. ಅಳುವುದಕ್ಕೂ ಅಪ್ಪಣೆ ಸಿಗದ ದುಃಖ ಬೇಗ ಇಳಿಯುವುದಿಲ್ಲ ಎಂಬುದನ್ನು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಕಾಣುತ್ತೇನೆ.

ಮುಂದಿನ ಭೇಟಿಗೆ ಅಪ್ಪನೂ ಬಂದರು. "ಅವನೇನು ಸತ್ತೋದ್ನಾ ಮೇಡಂ? ಕೋಟಿಗಟ್ಟಲೆ ದುಡ್ ಮಾಡ್ಕೊಂಡು ಆರಾಮಾಗಿ ಮನೇಲಿ ಕುಂತವ್ನೆ. ಇವನಿಗ್ಯಾಕೆ?"

ನಾನು ಕೇಳಿದೆ: "2018ರಲ್ಲಿ ಅಂಬರೀಶ್ ಅವರ ಪಾರ್ಥಿವ ಶರೀರವನ್ನ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದಾಗ ನೀವು ಹೋಗಿದ್ರಾ?"

ಅವರ ದನಿಯೇ ಬದಲಾಯಿತು. "ಹೋಗ್ದೆ ಇರ್ತೀನಾ? ರಾತ್ರಿಯೆಲ್ಲ ಸಾಲಲ್ ನಿಂತಿದ್ದೆ."

"ಅವರು ನಿಮಗೇನಾಗಬೇಕು ಅಂತ ಯಾರಾದ್ರೂ ಕೇಳಿದ್ರಾ?"

"ಯಾಕ್ ಕೇಳ್ತಾರೆ? ಇಡೀ ಮಂಡ್ಯನೇ ಅಲ್ಲಿತ್ತಲ್ಲ."

ಮಗನಿಗೆ ಆ ಸಾಲು ಇರಲಿಲ್ಲ. ಷಿಕಾಗೋದಲ್ಲಿ ಸಾವಿರಾರು ಜನ ಒಟ್ಟಾಗಿ ಮರುಗಿರಬಹುದು, ಮಂಡ್ಯದ ಆ ಬೀದಿಯಲ್ಲಿ ಆತ ಒಬ್ಬನೇ. ನಾನು ಅಪ್ಪನಿಗೆ ಹೇಳಿದ್ದೂ ಇಷ್ಟೇ: ನಿಮಗೆ ಆ ರಾತ್ರಿ ಆಸರೆಯಾದದ್ದು ಪಕ್ಕದಲ್ಲಿ ನಿಂತವರು. ನಿಮ್ಮ ಮಗನ ಪಕ್ಕ ಯಾರಾದರೂ ನಿಲ್ಲಬೇಕು. ಅವರು ಒಪ್ಪಿದರೋ ಇಲ್ಲವೋ, "ಅವನು ನಿನಗೇನಾಗಬೇಕು" ಎನ್ನುವುದನ್ನು ಅಂದಿನಿಂದ ನಿಲ್ಲಿಸಿದರು. ನಾನು ಕೇಳಿಕೊಂಡಿದ್ದೂ ಅದನ್ನೇ.

ಹೆಂಡತಿಗೆ ಕೊಟ್ಟ ಸಲಹೆ: ಒಂದು ಭಾನುವಾರ ಆ ನವೆಂಬರ್ 1ರ ಪಂದ್ಯವನ್ನು ಗಂಡನ ಜೊತೆ ಕೂತು ನೋಡಿ. ಆಟ ಗೊತ್ತಾಗದಿದ್ದರೆ ಕೇಳಿ, ಹೇಳಿಕೊಡಲಿ. ಬುದ್ಧಿ ಹೇಳುವುದು ಬೇಡ. ಆಕೆ ಮಾಡಿದಳು. ಕೊನೆಯಲ್ಲಿ ತನಗೂ ಗಂಟಲು ಕಟ್ಟಿತು ಎಂದಳು.

ಆತನಿಗೆ ಹಳೇ ಪಂದ್ಯ ನೋಡಬೇಡಿ ಎಂದು ಹೇಳಲಿಲ್ಲ. ಅಮೆರಿಕದ ರಾತ್ರಿ ಪಂದ್ಯಗಳು ನಮಗೆ ಬೆಳಗಿನ ಹೊತ್ತು ಬರುವುದರಿಂದ, ಇಷ್ಟು ವರ್ಷ ಆತನನ್ನು ಎಬ್ಬಿಸುತ್ತಿದ್ದುದೇ ಆ ಆಟ. ನೋಡುವುದನ್ನು ರಾತ್ರಿಯಿಂದ ಮತ್ತೆ ಬೆಳಿಗ್ಗೆ ಆರಕ್ಕೆ ತಂದೆವು. ಹತ್ತೂವರೆಗೆ ಮೊಬೈಲು ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ ಅಲ್ಲ. ಒಂಬತ್ತಕ್ಕೆ ಅಂಗಡಿ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರಲ್ಲಿಗೆ ಕಳಿಸುವುದೆಂದು ಮೊದಲೇ ಮಾತಾಗಿತ್ತು. ಅದರ ಅಗತ್ಯ ಬೀಳಲಿಲ್ಲ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದ್ದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಕಾಲೇಜು ತಂಡದ ಹಳೇ ಕ್ಯಾಪ್ಟನ್‌ಗೆ ಫೋನು ಮಾಡಿ ಎಂದೆ. ಬಹಳ ಹಿಂಜರಿದು ಮಾಡಿದ. ಅತ್ತಲಿಂದ ಬಂದ ಮೊದಲ ಮಾತು: "ರೋಸ್ ಸುದ್ದಿ ನೋಡ್ದೇನೋ?" ಆ ತಂಡದ ಕೆಲವರು ಮೈಸೂರಿನಲ್ಲೇ ಇದ್ದಾರೆ, ಒಂದು ಭಾನುವಾರ ಸೇರಿದರು. ಆಡಲಿಲ್ಲ, ಮಾತಾಡಿದರು.

ಅಲ್ಲಿಂದ ಬಂದ ಮೇಲೆ ಆತನೇ ಹೇಳಿದ: "ಅವ್ನು ಆಡ್ತಿರೋವರ್ಗೂ ನಾನೂ ಬಿಟ್ಟಿಲ್ಲ ಅಂತ್ಲೇ ನನ್ ಲೆಕ್ಕ ಇತ್ತು ಮೇಡಂ." ಆಗ ಮೊಣಕಾಲಿನ ಮಾತೆತ್ತಿದೆ. ಹತ್ತು ವರ್ಷದಿಂದ ಮೆಟ್ಟಿಲು ಇಳಿಯುವಾಗ ಕಾಲು ಸಡಿಲವಾಗಿ ಜಾರಿದಂತಾಗುತ್ತಿತ್ತು, ತೋರಿಸಿರಲಿಲ್ಲ. ಮೂಳೆ ವೈದ್ಯರಿಗೆ ತೋರಿಸಿ, ಈಗ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ನಡೆಯುತ್ತಿದೆ. ಮಕ್ಕಳಿಗೆ ಆಟ ಕಲಿಸಲಿ ಎಂಬುದು ಮನೆಯವರ ಆಸೆ. ಒಳ್ಳೆಯ ಆಸೆ, ಆದರೆ ಈಗಲೇ ಬೇಡ ಎಂದಿದ್ದೇನೆ. ದುಃಖದಲ್ಲಿರುವವನ ಕೈಗೆ ತಕ್ಷಣ ಒಂದು ಕೆಲಸ ಹಿಡಿಸಿದರೆ ಅವನು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾನೆ.

2025ರ ಜನವರಿ 4ರಂದು ಬುಲ್ಸ್ ತಂಡ ಷಿಕಾಗೋದಲ್ಲಿ ರೋಸ್‌ಗೆ ಗೌರವದ ರಾತ್ರಿ ಏರ್ಪಡಿಸಿತು. ಅವನ 1ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂಬ ಸುದ್ದಿಯೂ ಬಂತು. ಈತ ಅದನ್ನು ಗೆಳೆಯರ ಜೊತೆ ನೋಡಿದ. ರೋಸ್ ಚೆಸ್‌ನಲ್ಲಿ ಮುಳುಗಿದ್ದಾನೆ, ಖುಷಿಯಾಗಿದ್ದಾನೆ ಎಂಬುದನ್ನು ನನಗೆ ತಾನಾಗಿಯೇ ಹೇಳಿದ.

ಈಗ ಬರುವಾಗ ಬೇರೆ ವಿಷಯ ತರುತ್ತಾನೆ. ಅಂಗಡಿಯ ಸಾಲದ ಪುಸ್ತಕ ಇನ್ನೂ ಅಪ್ಪನ ಕೈಯಲ್ಲಿದೆ, ವಸೂಲಿ ಮಗನ ತಲೆಗೆ. ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು ಮುಂದಿನ ಸಲ ಅದನ್ನು ಮಾತಾಡುವುದಿದೆ.