ಪಳಗಿದ ಪಾಯಿಂಟ್ ಗಾರ್ಡ್ ಬೇಕಾ? ಮೊದಲು ಹೋಗುವವನ ಮುಖ ನೋಡಿ

ಪ್ರಶ್ನೆ: ನಾನು ಮೈಸೂರಿನವನು, ನಿವೃತ್ತ. ಮಗ ಅಮೆರಿಕದ ಮಿಲ್ವಾಕಿಯಲ್ಲಿದ್ದಾನೆ. ಅವನಿಂದಾಗಿ ನನಗೂ ಅಲ್ಲಿನ ಎನ್‌ಬಿಎ ಬಾಸ್ಕೆಟ್‌ಬಾಲ್ ತಂಡ ಬಕ್ಸ್‌ನ ಹುಚ್ಚು ಹಿಡಿದಿದೆ. 2023ರಲ್ಲಿ ಜ್ರೂ ಹಾಲಿಡೇಯನ್ನು ಬಿಟ್ಟುಕೊಟ್ಟು ಡೇಮಿಯನ್ ಲಿಲರ್ಡ್‌ನನ್ನು ತಂದಾಗ ಅಪ್ಪ ಮಗ ಇಬ್ಬರೂ ಕುಣಿದಾಡಿದ್ದೆವು. ಆಮೇಲೆ ಎರಡು ವರ್ಷವೂ ಪ್ಲೇಆಫ್‌ನ (ಲೀಗ್ ಪಂದ್ಯ ಮುಗಿದ ಮೇಲಿನ ನಾಕೌಟ್ ಹಂತದ) ಮೊದಲ ಸುತ್ತಿನಲ್ಲೇ ಮನೆಗೆ ಬಂದರು. ಮಗ ‘ಎಲ್ಲಾ ಗಾಯದಿಂದ ಆಗಿದ್ದು, ಟ್ರೇಡ್ ಸರಿಯಾಗೇ ಇತ್ತು’ ಅನ್ನುತ್ತಾನೆ. ನನಗೆ ಹಾಗನಿಸುವುದಿಲ್ಲ. ಹೆಸರು ಮಾಡಿದ ಪಾಯಿಂಟ್ ಗಾರ್ಡ್‌ಗಾಗಿ, ಅಂದರೆ ಚೆಂಡು ಮುಂದೆ ತಂದು ಆಟ ಕಟ್ಟುವವನಿಗಾಗಿ, ಒಂದು ತಂಡ ಟ್ರೇಡ್ ಮಾಡಬೇಕಾ, ಬೇಡವಾ?

ಉತ್ತರ: ನಿಮ್ಮ ಮಗ ಹೇಳುವುದು ಅರ್ಧ ಸರಿ. 2024ರ ಪ್ಲೇಆಫ್‌ನಲ್ಲಿ ಬಕ್ಸ್‌ನ ದೊಡ್ಡ ತಾರೆ ಯಾನಿಸ್ ಆಂಟೆಟೊಕುಂಪೊ ಮೀನಖಂಡದ ನೋವಿನಿಂದ ಒಂದು ಪಂದ್ಯವನ್ನೂ ಆಡಲಿಲ್ಲ. 2025ರ ಮಾರ್ಚ್‌ನಲ್ಲಿ ಲಿಲರ್ಡ್‌ನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ವಾಸಿಯಾಗಿ ಬಂದ, ಏಪ್ರಿಲ್‌ನಲ್ಲಿ ಪೇಸರ್ಸ್ ವಿರುದ್ಧ ಹಿಮ್ಮಡಿಯ ಅಕಿಲಿಸ್ ಟೆಂಡನ್ ಹರಿದುಕೊಂಡ. ಇದಕ್ಕೆಲ್ಲ ಯಾರನ್ನು ಬೈಯುವುದು?

ಉಳಿದರ್ಧ ನಿಮ್ಮ ಕಡೆಗಿದೆ. ನೀವು ಸರಿಯಾದ ತಂಡವನ್ನೇ ಹಿಡಿದುಕೊಂಡಿದ್ದೀರಿ ಬಿಡಿ. ಹತ್ತು ವರ್ಷದೊಳಗೆ ನಾಲ್ಕು ಸಲ ಪಾಯಿಂಟ್ ಗಾರ್ಡ್‌ಗಾಗಿ ಟ್ರೇಡ್ ಮಾಡಿದ ತಂಡ ಅದು. ಒಂದು ಸಲ ಚಾಂಪಿಯನ್ ಆದರು. ಒಂದು ಸಲ ಪರವಾಗಿಲ್ಲ. ಎರಡು ಸಲ ಕೈ ಸುಟ್ಟುಕೊಂಡರು.

ಮೊದಲನೆಯದು 2015ರ ಜೂನ್. ಟೊರಾಂಟೊ ರಾಪ್ಟರ್ಸ್‌ನಿಂದ ಗ್ರೇವಿಸ್ ವಾಸ್ಕೆಸ್ ಬಂದ. ವೆನೆಜುವೆಲಾದವನು, ಎತ್ತರದ ಗಾರ್ಡ್, ಪಾಸ್ ಮಾಡುವುದರಲ್ಲಿ ಜಾಣ. ಬಕ್ಸ್ ಹುಡುಗರೆಲ್ಲ ಆಗ ಎಳೆಯರು. ಪಕ್ಕದಲ್ಲಿ ಒಬ್ಬ ಹಿರಿಯ ಇರಲಿ ಅನ್ನುವ ಲೆಕ್ಕ. ಅವನು ಆಡಿದ್ದು 23 ಪಂದ್ಯ, ಆಮೇಲೆ ಕಾಲಿನ ಪಾದದ ಬಳಿ ಆಪರೇಷನ್, ಅಲ್ಲಿಗೆ ಮುಗಿಯಿತು. ಬದಲಿಗೆ ಬಕ್ಸ್ ಕೊಟ್ಟಿದ್ದೇನು ಗೊತ್ತಾ? 46ನೇ ಪಿಕ್ ಮತ್ತು 2017ರ ಒಂದು ಫಸ್ಟ್ ರೌಂಡ್ ಪಿಕ್. ಪಿಕ್ ಅಂದರೆ ಪ್ರತಿ ವರ್ಷದ ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ. ಆ 46 ನಾರ್ಮನ್ ಪವೆಲ್ ಆದ. ಆ ಫಸ್ಟ್ ರೌಂಡ್ ಪಿಕ್ ಒಜಿ ಅನುನೋಬಿ ಆದ. 2019ರ ಈಸ್ಟ್ (ಪೂರ್ವ ವಿಭಾಗದ) ಫೈನಲ್‌ನಲ್ಲಿ ಬಕ್ಸ್ 2-0 ಮುಂದಿದ್ದು 4-2ರಲ್ಲಿ ಸೋತರಲ್ಲ, ಎದುರಿಗಿದ್ದದ್ದು ಟೊರಾಂಟೊ, ಬೆಂಚಿನಿಂದ ಎದ್ದು ಬಂದು ಆಡಿದವರಲ್ಲಿ ಪವೆಲ್ ಒಬ್ಬ. ಟೊರಾಂಟೊ ಆ ವರ್ಷ ಕಪ್ಪನ್ನೂ ಎತ್ತಿತು.

ಡ್ರಾಫ್ಟ್ ಪಿಕ್ ಕೊಡುವುದೆಂದರೆ ಹಾಗೇ. ನೀರಲ್ಲಿರುವ ಎಮ್ಮೆಯ ವ್ಯಾಪಾರ. ಮೇಲೆ ಬಂದಾಗ ಕೊಂಬು ಎಷ್ಟುದ್ದ ಇರುತ್ತೋ ಯಾರಿಗೆ ಗೊತ್ತು.

2017ರ ನವೆಂಬರ್‌ನಲ್ಲಿ ಫೀನಿಕ್ಸ್‌ನಿಂದ ಎರಿಕ್ ಬ್ಲೆಡ್‌ಸೋ ಬಂದ. ಇದು ಕೆಟ್ಟ ವ್ಯಾಪಾರ ಅಲ್ಲ. 2018-19ರಲ್ಲಿ ಬಕ್ಸ್ 60 ಪಂದ್ಯ ಗೆದ್ದರು, ಬ್ಲೆಡ್‌ಸೋ ಆಲ್-ಡಿಫೆನ್ಸ್ (ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರರ) ಮೊದಲ ತಂಡಕ್ಕೆ ಆಯ್ಕೆಯಾದ. ತೊಂದರೆ ಶುರುವಾಗುತ್ತಿದ್ದದ್ದು ಏಪ್ರಿಲ್ ನಂತರ. ಪ್ಲೇಆಫ್‌ನಲ್ಲಿ ಎದುರಾಳಿ ಅವನನ್ನು ದೂರದಲ್ಲಿ ಬಿಟ್ಟು ‘ಹೊಡಿ ನೋಡೋಣ’ ಅನ್ನುತ್ತಿದ್ದ. ಅವನ ಮೇಲಿರಬೇಕಾದವನು ಯಾನಿಸ್‌ನ ದಾರಿಗೆ ಅಡ್ಡ ನಿಲ್ಲುತ್ತಿದ್ದ. ಯಾನಿಸ್ ಓಡಿ ಬಂದರೆ ಗೋಡೆ.

ಈಗ 2020ರ ನವೆಂಬರ್. ಬಕ್ಸ್ ನ್ಯೂ ಆರ್ಲಿಯನ್ಸ್‌ನಿಂದ ಹಾಲಿಡೇಯನ್ನು ತಂದರು. ಬ್ಲೆಡ್‌ಸೋ, ಜಾರ್ಜ್ ಹಿಲ್, ಮೂರು ಫಸ್ಟ್ ರೌಂಡ್ ಪಿಕ್, ಮೇಲೆ ಎರಡು ಪಿಕ್ ಸ್ವಾಪ್. ಸ್ವಾಪ್ ಅಂದರೆ ಆ ವರ್ಷ ನಮ್ಮ ಪಿಕ್ ಒಳ್ಳೆಯದಿದ್ದರೆ ನೀವು ತಗೊಳ್ಳಿ, ನಿಮ್ಮದು ನಮಗಿರಲಿ ಅನ್ನುವ ಕರಾರು. ‘ಒಂದೇ ಸಲ ಆಲ್-ಸ್ಟಾರ್ ಆದವನಿಗೆ ಇಷ್ಟೊಂದಾ?’ ಅಂತ ನಾನೂ ಗೊಣಗಿದ್ದೆ. ಆದರೆ ಎಷ್ಟು ಕೊಟ್ಟರು ಅನ್ನುವುದನ್ನು ಮಾತ್ರ ನೋಡಿದ್ದೆ, ಯಾರನ್ನು ಉಳಿಸಿಕೊಂಡರು ಅನ್ನುವುದನ್ನು ನೋಡಿರಲಿಲ್ಲ. ಯಾನಿಸ್, ಮಿಡಲ್ಟನ್, ಬ್ರೂಕ್ ಲೋಪೆಜ್, ಮೂವರೂ ಅಲ್ಲೇ ಇದ್ದರು. ಬದಲಾದದ್ದು ಒಂದೇ ಒಂದು ಜಾಗ, ಅದೂ ಪ್ಲೇಆಫ್‌ನಲ್ಲಿ ತೂತು ಬೀಳುತ್ತಿದ್ದ ಜಾಗ.

2021ರ ಫೈನಲ್ಸ್‌ನ ಐದನೇ ಪಂದ್ಯ ನೆನಪಿದೆಯಾ? ನಮಗದು ಜುಲೈ 18ರ ಭಾನುವಾರ ಬೆಳಿಗ್ಗೆ. ಕೊನೆಯ ಅರ್ಧ ನಿಮಿಷ. ಬಕ್ಸ್ 120, ಫೀನಿಕ್ಸ್ 119. ಡೆವಿನ್ ಬುಕರ್ ಒಳಗೆ ನುಗ್ಗಿ ತಿರುಗಿದ. ತಿರುಗಿದ ಕಡೆಗೇ ಹಾಲಿಡೇ ನಿಂತಿದ್ದ. ಚೆಂಡಿಗೆ ಏಟು ಹಾಕಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಸೀದಾ ಕಿತ್ತುಕೊಂಡ. ಅಂಥ ಹೊತ್ತಿನಲ್ಲಿ ಎಲ್ಲರೂ ಚೆಂಡು ಹಿಡಿದು ಸಮಯ ಕಳೆಯುತ್ತಾರೆ. ಇವನು ಓಡಿದ, ತಲೆ ಎತ್ತಿದ, ಮೇಲಕ್ಕೆ ಎಸೆದ. ಯಾನಿಸ್ ಹಾರಿ ಹಾಕಿದ. ಹಿಂದಿನಿಂದ ಫೌಲ್ ಮಾಡಿದವನು ಕ್ರಿಸ್ ಪಾಲ್. ನಾನು ಕಾಫಿ ಲೋಟ ಹಿಡಿದುಕೊಂಡು ನಿಂತೇಬಿಟ್ಟಿದ್ದೆ. 123-119.

ಆ ಪಂದ್ಯದಲ್ಲಿ ಹಾಲಿಡೇಗೆ 27 ಪಾಯಿಂಟ್, 13 ಅಸಿಸ್ಟ್. ಅದರ ಹಿಂದಿನ ಪಂದ್ಯದಲ್ಲಿ? 20 ಶಾಟ್ ಹೊಡೆದು 4 ಹಾಕಿದ್ದ. ಅದನ್ನೂ ಬಕ್ಸ್ ಗೆದ್ದಿತ್ತು. ನನಗೆ ಆ ನಾಲ್ಕನೇ ಪಂದ್ಯವೇ ಜಾಸ್ತಿ ಮುಖ್ಯ. ಶಾಟ್ ಬೀಳದ ದಿನವೂ ತಂಡಕ್ಕೆ ಬೇಕಾದವನು ಅವನು. ಮಿಲ್ವಾಕಿಗೆ 1971ರ ನಂತರ ಸಿಕ್ಕ ಮೊದಲ ಕಪ್ ಅದು.

ಅಂದ ಹಾಗೆ, ಎದುರಾಳಿ ಫೀನಿಕ್ಸ್ ಕೂಡ ಅದೇ ನವೆಂಬರ್‌ನಲ್ಲಿ 35 ವರ್ಷದ ಕ್ರಿಸ್ ಪಾಲ್‌ನನ್ನು ಟ್ರೇಡ್ ಮಾಡಿ ತಂದಿತ್ತು. ಹಿಂದಿನ ವರ್ಷ 34 ಗೆಲುವು, 39 ಸೋಲು. ಆ ವರ್ಷ 51 ಗೆಲುವು, 21 ಸೋಲು. ಅಲ್ಲೂ ಬುಕರ್, ಏಟನ್, ಮಿಕಾಲ್ ಬ್ರಿಡ್ಜಸ್ ಮೂವರನ್ನೂ ಮುಟ್ಟಿರಲಿಲ್ಲ.

ಇನ್ನು ನಿಮ್ಮ 2023. ಆ ಟ್ರೇಡ್ ಯಾಕಾಯಿತು ಅನ್ನುವುದನ್ನು ಮರೆಯಬಾರದು. ಆ ವರ್ಷ 58 ಪಂದ್ಯ ಗೆದ್ದಿದ್ದ ಬಕ್ಸ್ ಮೊದಲ ಸುತ್ತಿನಲ್ಲೇ ಮಯಾಮಿಗೆ 4-1ರಲ್ಲಿ ಸೋತಿತು. ಒಂದು ಪಂದ್ಯದಲ್ಲಿ ಜಿಮ್ಮಿ ಬಟ್ಲರ್ 56 ಹೊಡೆದ, ಅವನನ್ನು ಕಾಯುತ್ತಿದ್ದವನು ನಮ್ಮ ಹಾಲಿಡೇನೇ. ಕೊನೆಯ ನಿಮಿಷಗಳಲ್ಲಿ ಬಕ್ಸ್‌ಗೆ ಬುಟ್ಟಿಗೆ ಚೆಂಡು ಹಾಕುವುದೇ ಕಷ್ಟವಾಗಿತ್ತು. ಹೀಗಾಗಿ ‘ಕೊನೆಯಲ್ಲಿ ಹೊಡೆಯುವವನು ಬೇಕು’ ಅಂದದ್ದು ಸುಳ್ಳಲ್ಲ. ಆ ಕೆಲಸಕ್ಕೆ ಲಿಲರ್ಡ್‌ಗಿಂತ ಪಳಗಿದವನು ಆಗ ಯಾರಿದ್ದರು? ಅದೇ ವರ್ಷ ಒಂದೇ ಪಂದ್ಯದಲ್ಲಿ 71 ಹೊಡೆದಿದ್ದವನು. ಬಕ್ಸ್ ಪರ ಮೊದಲ ಪಂದ್ಯದಲ್ಲೇ 39 ಹೊಡೆದ.

ಆದರೆ ಪಳಗಿದವನು ಅಂದರೆ ಯಾವ ಕೆಲಸದಲ್ಲಿ ಪಳಗಿದವನು? ಲಿಲರ್ಡ್ ಹನ್ನೊಂದು ವರ್ಷ ಪೋರ್ಟ್‌ಲ್ಯಾಂಡ್‌ನಲ್ಲಿ ಚೆಂಡು ತನ್ನ ಕೈಯಲ್ಲಿಟ್ಟುಕೊಂಡು ಆಡಿದವನು. ಯಾನಿಸ್ ಕೂಡ ಚೆಂಡು ಕೈಯಲ್ಲಿದ್ದರೇ ಯಾನಿಸ್. ಚೆಂಡು ಇರುವುದು ಒಂದೇ, ಅಲ್ವಾ. ಇಬ್ಬರೂ ಸೇರಿ ಪಿಕ್ ಅಂಡ್ ರೋಲ್ (ಒಬ್ಬ ಅಡ್ಡ ನಿಂತು ಚೆಂಡಿನವನಿಗೆ ದಾರಿ ಮಾಡಿಕೊಟ್ಟು, ತಾನೂ ಬುಟ್ಟಿಯತ್ತ ಓಡುವ ಆಟ) ಆಡಿದರೆ ಯಾರೂ ತಡೆಯಲಾರರು ಅಂತ ಎಲ್ಲರೂ ಬರೆದೆವು, ನಾನೂ ಬರೆದೆ. ಆಡಿದಾಗ ಚೆನ್ನಾಗೇ ಇತ್ತು. ಅಷ್ಟು ಜಾಸ್ತಿ ಆಡಲಿಲ್ಲ, ಅಷ್ಟೇ. ‘ನಿನ್ನದಾದ ಮೇಲೆ ನನ್ನದು’ ಅನ್ನುವ ಹಾಗೆ ಸರದಿ ಹಚ್ಚಿದರು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಇನ್ನೊಂದು ತುದಿಯಲ್ಲಿ. ಎದುರು ತಂಡದ ಚುರುಕು ಗಾರ್ಡ್‌ಗೆ ಎದುರು ನಿಲ್ಲುವವನು ಹೊರಟುಹೋಗಿದ್ದ. ಮೊದಲ ಬಾಗಿಲಲ್ಲೇ ತಡೆಯುತ್ತಿದ್ದವನು ಇಲ್ಲದ ಮೇಲೆ ಎಲ್ಲರೂ ನೇರ ಬುಟ್ಟಿಯ ಬಳಿ ಲೋಪೆಜ್ ಇದ್ದಲ್ಲಿಗೆ ಬಂದರು. ಪಾಪ, ಅವನಿಗಾಗಲೇ 35. ತಂಡ 30 ಗೆದ್ದು 13 ಸೋತಿದ್ದಾಗಲೇ ಕೋಚ್ ಏಡ್ರಿಯನ್ ಗ್ರಿಫಿನ್‌ರನ್ನು ತೆಗೆದರು. ಲೆಕ್ಕದಲ್ಲಿ ಚೆನ್ನಾಗಿದ್ದ ತಂಡ ಒಳಗೆ ಸೋರುತ್ತಿತ್ತು. ಇದೆಲ್ಲ 2024ರ ಜನವರಿಯ ಮಾತು. ಯಾನಿಸ್‌ನ ಗಾಯಕ್ಕೂ ಮುಂಚಿನದು, ಲಿಲರ್ಡ್‌ನ ಗಾಯಕ್ಕಂತೂ ವರ್ಷದ ಹಿಂದಿನದು. ಮಗನಿಗೆ ಈ ತಾರೀಖು ತೋರಿಸಿ.

ಲಿಲರ್ಡ್‌ಗೆ ಬದಲಾಗಿ ಪೋರ್ಟ್‌ಲ್ಯಾಂಡ್‌ಗೆ ಹೋದ ಹಾಲಿಡೇ ಅಲ್ಲಿ ನಿಲ್ಲಲಿಲ್ಲ. ನಾಲ್ಕೇ ದಿನದಲ್ಲಿ ಅವರು ಬಾಸ್ಟನ್‌ಗೆ ದಾಟಿಸಿದರು. ಬಾಸ್ಟನ್ 64 ಪಂದ್ಯ ಗೆದ್ದು, 2024ರ ಜೂನ್‌ನಲ್ಲಿ ಕಪ್ ಎತ್ತಿತು. ಬಕ್ಸ್ 2025ರ ಜುಲೈನಲ್ಲಿ ಲಿಲರ್ಡ್‌ನನ್ನು ಬಿಟ್ಟರು. ಉಳಿದಿದ್ದ ಸುಮಾರು 11 ಕೋಟಿ 30 ಲಕ್ಷ ಡಾಲರ್ ಸಂಬಳವನ್ನು ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ ಎರಡೂಕಾಲು ಕೋಟಿಯಂತೆ, ತಮ್ಮಲ್ಲಿ ಆಡದವನಿಗೆ ಕೊಡುವ ಹಾಗಾಯಿತು. ಇನ್ನೂ ತಮಾಷೆ ಏನೆಂದರೆ, ಅದೇ ಬೇಸಿಗೆಯಲ್ಲಿ ಬಾಸ್ಟನ್ ಹಾಲಿಡೇಯನ್ನು ಮತ್ತೆ ಪೋರ್ಟ್‌ಲ್ಯಾಂಡ್‌ಗೇ ಕಳಿಸಿತು, ಲಿಲರ್ಡ್ ಕೂಡ ಪೋರ್ಟ್‌ಲ್ಯಾಂಡ್‌ಗೇ ವಾಪಸ್ ಹೋದ. ಒಬ್ಬರಿಗೆ ಬದಲಾಗಿ ಇನ್ನೊಬ್ಬರನ್ನು ಕೊಟ್ಟವರು ಇಬ್ಬರನ್ನೂ ಕಳೆದುಕೊಂಡರು. ಇಬ್ಬರೂ ಒಂದೇ ತಂಡ ಸೇರಿದರು.

ಹಾಗಾದರೆ ಟ್ರೇಡ್ ಮಾಡಬೇಕಾ ಅಂತ ಕೇಳಿದಿರಿ. ಪಾಯಿಂಟ್ ಗಾರ್ಡ್ ಜಾಗ ನಿಜವಾಗಿ ಖಾಲಿ ಇದ್ದರೆ, ಆ ಜಾಗದವನನ್ನೇ ಕೊಟ್ಟು, ಉಳಿದ ಮೂರು ನಾಲ್ಕು ಕಂಬ ಅಲ್ಲಾಡಿಸದೆ ತರುವ ಹಾಗಿದ್ದರೆ, ಕಣ್ಣು ಮುಚ್ಚಿ ಮಾಡಬೇಕು. ಪಿಕ್ ಹೋಗಲಿ. ಕಂಬ ಕಿತ್ತು ತೊಲೆ ತರುವ ಹಾಗಿದ್ದರೆ ಬೇಡ, ಬರುವವನು ಎಷ್ಟೇ ದೊಡ್ಡವನಾಗಲಿ. 2023ರ ಬಕ್ಸ್‌ಗೆ ಹಾಲಿಡೇ ಜೊತೆಗೆ ಒಬ್ಬ ಹೊಡೆಯುವವನು ಬೇಕಿತ್ತು. ಹಾಲಿಡೇ ಬದಲಿಗೆ ಅಲ್ಲ. ಆದರೆ ಹಾಗೆ ತರಲು ಅವರ ಹತ್ತಿರ ಕೊಡುವುದಕ್ಕೆ ಬೇರೆ ಹೆಚ್ಚೇನೂ ಉಳಿದಿರಲಿಲ್ಲ. 2020ರಲ್ಲೇ ಸುಮಾರು ಪಿಕ್ ಖರ್ಚಾಗಿತ್ತಲ್ಲ. ಅದನ್ನು ಯೋಚಿಸಿದರೆ ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಪಿಇಟಿ ಮೇಷ್ಟ್ರು. ಸಂಜೆ ಊರಿನ ಹುಡುಗರ ಕ್ಲಬ್ ತಂಡವನ್ನೂ ನೋಡಿಕೊಳ್ಳುತ್ತೇನೆ. ಎದುರಿನವರು ಪ್ರೆಸ್ ಹಾಕಿದರೆ (ನಮ್ಮ ಅರ್ಧದಲ್ಲೇ ಮೈಮೇಲೆ ಬಿದ್ದು ತಡೆದರೆ) ನಮ್ಮವರು ಚೆಂಡನ್ನು ಅರ್ಧ ಕೋರ್ಟ್ ದಾಟಿಸುವುದೇ ಇಲ್ಲ. ಮುಂದಿನ ಓಪನ್ ಟೂರ್ನಿಗೆ ಬೆಂಗಳೂರಿನಿಂದ ಒಬ್ಬ ಅನುಭವಿ ಗಾರ್ಡ್‌ನನ್ನು ಗೆಸ್ಟ್ ಆಗಿ ಕರೆಸಲಾ?

ಉತ್ತರ: ಟೂರ್ನಿಯ ನಿಯಮ ಒಪ್ಪಿದರೆ ಕರೆಸಿ, ತಪ್ಪೇನಿಲ್ಲ. ಆದರೆ ಪಂದ್ಯದ ದಿನ ಬೆಳಿಗ್ಗೆ ಬಸ್ ಇಳಿಯುವ ಹಾಗೆ ಬೇಡ. ಒಂದು ವಾರ ಮೊದಲೇ ಬರಲಿ, ನಿಮ್ಮ ಹುಡುಗರ ಜೊತೆ ದಿನಾ ಆಡಲಿ. ಇಲ್ಲದಿದ್ದರೆ ಅವನು ಒಬ್ಬನೇ ಚೆಂಡು ತರುತ್ತಾನೆ, ಉಳಿದ ನಾಲ್ವರು ಸುಮ್ನೆ ನಿಂತು ನೋಡುತ್ತಾರೆ.

ಅಲ್ಲಿಯವರೆಗೆ ನಾನು ನಮ್ಮ ಹುಡುಗರಿಗೆ ಮಾಡಿಸುವ ಒಂದು ಕೆಲಸ ಮಾಡಿಸಿ. ಒಬ್ಬನ ಕೈಗೆ ಚೆಂಡು, ಅವನ ಮೇಲೆ ಇಬ್ಬರು. ಬೇಸ್‌ಲೈನ್‌ನಿಂದ ಹೊರಟು 8 ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಬೇಕು. ನೀವು ಜೋರಾಗಿ ಎಣಿಸಿ. ಮೊದಲ ದಿನ ಎಲ್ಲರೂ ಮೂಲೆಗೆ ಓಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. ಯಾಕೆಂದರೆ ಸೈಡ್‌ಲೈನೇ ಮೂರನೇ ಡಿಫೆಂಡರ್. ನಾಲ್ಕೈದು ದಿನ ಆದ ಮೇಲೆ ಯಾರೋ ಒಬ್ಬ ಎರಡು ಹೆಜ್ಜೆ ಹಿಂದಕ್ಕೆ ಡ್ರಿಬಲ್ ಮಾಡಿ, ಇಬ್ಬರನ್ನೂ ಮುಂದಕ್ಕೆ ಎಳೆದು, ಮಧ್ಯದಿಂದ ತೂರಿಕೊಂಡು ಹೋಗುತ್ತಾನೆ. ನಮ್ಮಲ್ಲಿ ಹಾಗೆ ಹೋದವನು ತಂಡದಲ್ಲೇ ಕುಳ್ಳ, ಅದುವರೆಗೆ ನೀರಿನ ಬಾಟಲಿ ಹೊತ್ತುಕೊಂಡು ಬರುತ್ತಿದ್ದ. ನಿಮ್ಮಲ್ಲಿ ಯಾರು ಅಂತ ನೋಡಿ, ಆಮೇಲೆ ಬೆಂಗಳೂರಿಗೆ ಫೋನ್ ಮಾಡಿ.